ಇಪ್ಪತ್ನಾಲ್ಕರ ಗೆರೆ

ಹುಬ್ಬಳ್ಳಿ, ಹಾಸ್ಟೆಲ್
12 ಫೆಬ್ರುವರಿ 2025

ಸಾಬಣ್ಣ ಕಾಕಾ ಅವರಿಗೆ ಸುಶ್ಮಿತಾ ಮಾಡುವ ನಮಸ್ಕಾರ.

ಮೊದಲಿಗೆ ಕ್ಷಮಿಸಿ. ಫೋನಿರುವ ಕಾಲದಲ್ಲಿ ಕಾಗದ ಬರೆದು ನಿಮ್ಮ ಕೆಲಸ ಕೆಡಿಸುತ್ತಿದ್ದೇನೆ. ಆದರೆ ಫೋನ್ ಮಾಡಿದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಮನೆಗೆಲ್ಲ ಇರುವುದು ಒಂದೇ ಬಟನ್ ಫೋನ್. ನೆಟ್‌ವರ್ಕ್ ಸಿಗುವುದು ಕಿಟಕಿಯ ಕಟ್ಟೆಯ ಮೇಲೆ ಮಾತ್ರ, ಅವ್ವ ಅದನ್ನು ಸ್ಪೀಕರಿಗೆ ಹಾಕಿ ಅಲ್ಲೇ ಇಡುತ್ತಾಳೆ. ಆಯಿ ‘ಉಂಡಿಯೇನ?’ ಎಂದು ಮೂರು ಸಲ ಕೇಳುತ್ತಾಳೆ. ಓಣಿಯಲ್ಲಿ ಹೋಗುವ ಅಮೀರ್‌ಬೀ ಕೂಡ ನಿಂತು, ‘ಹಾಸ್ಟೆಲ್ದಾಗ ದಾಲ್ ಇನ್ನಾ ತೆಳ್ಳಗೇ ಅದ ಏನವಾ?’ ಎಂದು ಕೇಳಿ ಹೋಗುತ್ತಾಳೆ. ಅದಕ್ಕೇ ಆರನೇ ಕ್ಲಾಸಿನಿಂದ, ಅಪ್ಪ ತೀರಿಕೊಂಡ ವರ್ಷ ನೀವು ಫಾರಂಗೆ ಸಹಿ ಹಾಕಿ ನನ್ನನ್ನು ವಸತಿ ಶಾಲೆಗೆ ಸೇರಿಸಿದಾಗಿನಿಂದ, ನನ್ನ ಮಾತೆಲ್ಲ ನಿಮಗೆ ಕಾಗದದಲ್ಲೇ.

ವಿಷಯ ಏನೆಂದರೆ, ನಮ್ಮ ಗುರುರಾಜ ಸರ್ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಆರ್ಕಿಟೆಕ್ಚರ್ ಓದುವವರು ಮೊದಲು ತಮ್ಮ ಸ್ವಂತ ಮನೆಯನ್ನು ತಿಳಿದುಕೊಳ್ಳಬೇಕಂತೆ. ಕಂಪ್ಯೂಟರಿನೊಳಗೆ ಮನೆಯ ನಕಲು ಕಟ್ಟಿ, ಅದಕ್ಕೆ ಒಂದು ಇಡೀ ವರ್ಷದ ಹವೆಯನ್ನು ಹಾಯಿಸಿ ನೋಡುವುದು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಹವೆಯದೊಂದು ಫೈಲ್ ಇರುತ್ತದೆ: ವರ್ಷದ ಎಂಟು ಸಾವಿರದ ಏಳುನೂರಾ ಅರವತ್ತು ತಾಸು, ಪ್ರತಿ ತಾಸಿನ ಬಿಸಿಲು, ಗಾಳಿ, ತೇವ. ಆಮೇಲೆ ಥರ್ಮೋಸ್ಟಾಟ್ ಸೆಟ್ಟಿಂಗ್. ಅಂದರೆ ಒಳಗೆ ಎಷ್ಟು ಡಿಗ್ರಿ ಇಡಬೇಕು ಎಂದು ನಾವು ಹೇಳುವ ಅಂಕಿ. ಬಿಸಿ ಅದನ್ನು ದಾಟಿದರೆ ಎಸಿ ತಾನೇ ಚಾಲೂ ಆಗುತ್ತದೆ, ಇಳಿದರೆ ತಾನೇ ಬಂದ್ ಆಗುತ್ತದೆ. ಇವೆರಡನ್ನೂ ಕೊಟ್ಟರೆ ಮನೆಗೆ ಎಷ್ಟು ಕರೆಂಟ್ ಬೇಕೆಂದು ಅದು ಹೇಳುತ್ತದೆ.

ನಮ್ಮ ಮನೆಯ ಗೋಡೆಯ ದಪ್ಪ ಎಷ್ಟು, ಕಿಟಕಿಗಳು ಯಾವ ದಿಕ್ಕಿಗೆ, ಮೇಲೆ ಏನು ಹೊದಿಸಿದೆ, ನನಗೆ ಗೊತ್ತಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಆ ಮನೆಯಲ್ಲಿ ನಾನು ಕಳೆದದ್ದು ಬರೀ ರಜೆಗಳನ್ನು. ಹಾಸ್ಟೆಲಿನ ಕೋಣೆಯಲ್ಲಿ ಎಷ್ಟು ಟೈಲ್ಸ್ ಇವೆ ಎಂದು ಕೇಳಿದರೆ ನೋಡದೆ ಹೇಳುತ್ತೇನೆ. ಕೆಳಗಿನ ಹಳೆಯ ಖೋಲಿ, ಮೇಲಿನ ಹೊಸ ಖೋಲಿ, ಎರಡರ ಅಳತೆಯನ್ನೂ ಬರೆದು ಕಳಿಸುತ್ತೀರಾ?

ನಿಮ್ಮ
ಸುಶ್ಮಿತಾ


ಶಹಾಬಾದ
21 ಫೆಬ್ರುವರಿ 2025

ಸುಶೀಗಿ ನಿನ್ನ ಕಾಕಾನ ಆಶೀರ್ವಾದ.

ಕಾಗದ ಮುಟ್ಟಿತು. ನನಗ ಪುಸ್ತಕದ ಮಾತು ಬರಂಗಿಲ್ಲ, ಮಾತಾಡಿದಂಗೇ ಬರೀತೀನಿ, ಸುಧಾರಿಸಿಕೊಂಡು ಓದಕೋ.

ಕೆಳಗಿನ ಖೋಲಿ: ಗ್ವಾಡಿ ಎರಡು ಫೂಟಿಗಿ ನಾಕು ಬಟ್ಟು ಕಮ್ಮಿ, ಪೂರಾ ಕಲ್ಲು, ನಿಮ್ಮ ಮುತ್ಯಾ ಕಟ್ಟಿದ್ದು. ನೆಲಾನೂ ಪರಸಿ ಕಲ್ಲು, ಮ್ಯಾಲ ಹೊದಿಸಿದ್ದೂ ಪರಸಿ. ಕಿಟಕಿ ಒಂದೇ, ಮೂಡಣಕ್ಕ. ಮ್ಯಾಲಿನ ಖೋಲಿ: ಗ್ವಾಡಿ ಆರು ಇಂಚಿನ ಸಿಮೆಂಟ್ ಇಟ್ಟಂಗಿ, ಮ್ಯಾಲ ಸ್ಲ್ಯಾಬ್. ಕಿಟಕಿ ಎರಡು, ಎರಡೂ ಪಡುವಣಕ್ಕ. ನೆಲ ನಾನೇ ಹಾಸೀನಿ, ಒಂದು ಪರಸಿನೂ ಅಲುಗಾಡಂಗಿಲ್ಲ. ಅದನ್ನೂ ಕಂಪ್ಯೂಟರಿಗಿ ಹೇಳು.

ನೀ ಬರದ ಥರ್ಮೋಸ್ಟಾಟ್ ನಮ್ಮವ್ವಗ, ನಿಮ್ಮ ಆಯಿಗಿ, ಓದಿ ಹೇಳ್ದೆ. ಬಿಸಿ ಆದ್ರ ತಾನೇ ಚಾಲೂ, ತಂಪಾದ್ರ ತಾನೇ ಬಂದ್ ಅಂದೆ. ‘ಹಾಂಗಂದ್ರ ಈ ಮನ್ಯಾಗ ಅದು ನಾನೇ ಹೌದಲ್ಲೋ’ ಅಂದಳು. ಖರೇನೇ ಅದ. ಹನ್ನೊಂದಕ್ಕ ಕಿಟಕಿ ಮುಚ್ಚಾಕಿ ಅಕಿ, ಗೋಣಿಚೀಲ ಹಸಿ ಮಾಡಿ ಬಾಗಲಿಗಿ ಕಟ್ಟಾಕಿ ಅಕಿ, ಐದಕ್ಕ ಅಂಗಳಕ್ಕ ನೀರು ಹೊಡದು ಕಿಟಕಿ ತಗಿಯಾಕಿ ಅಕಿ. ಫರಕ್ ಒಂದೇ. ಬಾಯಿ ಮಾತ್ರ ತಾನೇ ಬಂದ್ ಆಗಂಗಿಲ್ಲ.

ಇನ್ನೊಂದು ಮಾತು. ನಿಮ್ಮಕ್ಕ ಐಶ್ವರ್ಯ ಚಂದಾಪುರದಿಂದ ಬಾಣಂತನಕ್ಕ ಬಂದಾಳ. ಮಾರ್ಚ್ ಕೊನಿಗಿ ದಿನ ತುಂಬ್ತಾವ, ಅಂದ್ರ ಕೂಸು ಬಿಸಲಾಗೇ ಹುಟ್ಟೂದು. ಆಯಿ ಕೆಳಗಿನ ಖೋಲಿ ಅಂತಾಳ. ನಿಮ್ಮವ್ವ ಮ್ಯಾಲಿನದು ಅಂತಾಳ, ಬೀಗರು ಬಂದಾಗ ಹೊಸಾ ಖೋಲಿ ಕಾಣ್ಬೇಕಲ್ಲ. ನನ್ನ ಕೇಳಿದ್ರ ಕೆಳಗೇ. ಆದ್ರ ಇಬ್ಬರು ಹೆಣ್ಮಕ್ಕಳ ನಡುವ ನಾ ಯಾಕ ಸಿಗ್ಲಿ? ನೀ ಹೆಂಗೂ ಮನಿ ಕಂಪ್ಯೂಟರಿಗಿ ಹಾಕ್ಲಿಕತ್ತೀದಿ, ಅದನ್ನೇ ಕೇಳಿ ಬರಿ. ಅದು ಹೇಳಿದಂಗ ಮಾಡ್ತೀನಿ.

ನಿನ್ನ ಕಾಕಾ
ಸಾಬಣ್ಣ


ಹುಬ್ಬಳ್ಳಿ
14 ಮಾರ್ಚ್ 2025

ಪ್ರೀತಿಯ ಕಾಕಾ,

ತಡವಾಯಿತು, ಸಾರಿ. ಆದರೆ ಒಳ್ಳೆಯ ಸುದ್ದಿಯೊಂದಿಗೆ ಬರೆಯುತ್ತಿದ್ದೇನೆ. ಇಪ್ಪತ್ತಕ್ಕೆ ಹದಿನೆಂಟು ಬಂತು! ಸರ್ ನಮ್ಮ ಮನೆಯನ್ನು ದೊಡ್ಡ ಪರದೆಗೆ ಹಾಕಿ ಎಲ್ಲರಿಗೂ ತೋರಿಸಿದರು. ಶಹಾಬಾದಿನ ಮನೆ ಹುಬ್ಬಳ್ಳಿಯ ಗೋಡೆಯ ಮೇಲೆ. ನೀವಿರಬೇಕಿತ್ತು. ಆರು ಇಂಚು, ಎರಡು ಫೂಟು ಎಂದು ನಿಮ್ಮ ಅಳತೆಗಳನ್ನೇ ಓದಿ ಹೇಳಿದೆ. ‘ನಾಕು ಬಟ್ಟು’ ಎನ್ನುವುದನ್ನು ಮಾತ್ರ ಸೆಂಟಿಮೀಟರ್ ಮಾಡಿದೆ.

ಇದರ ಜೊತೆ ಪ್ರಿಂಟ್ ಇಟ್ಟಿದ್ದೇನೆ. ನೀಲಿ ಗೆರೆ ಮೇಲಿನ ಖೋಲಿಯದು. ಜನವರಿಯಿಂದ ಡಿಸೆಂಬರ್‌ವರೆಗೆ ನೋಡಿ, ಎಲ್ಲಿಯೂ ಇಪ್ಪತ್ನಾಲ್ಕು ಡಿಗ್ರಿ ದಾಟಿಲ್ಲ. ಆ ಗೆರೆಯ ಕೆಳಗಿರುವುದು ಕರೆಂಟ್ ಎಷ್ಟು ಬೇಕೆಂದು ತೋರಿಸುವ ಪಟ್ಟಿ, ಅದೂ ಗಿಡ್ಡ. ಇಪ್ಪತ್ನಾಲ್ಕರ ಬದಲು ಇಪ್ಪತ್ತಾರು ಇಟ್ಟರೆ ಇನ್ನೂ ಗಿಡ್ಡವಾಗುತ್ತದೆ ಎಂದು ಸರ್ ಎಲ್ಲರೆದುರು ಮಾಡಿ ತೋರಿಸಿದರು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಐಶೂ ಅಕ್ಕನನ್ನು ಮೇಲೆ ಇಟ್ಟರೆ ತೊಂದರೆಯಿಲ್ಲ. ಅವ್ವ ಹೇಳಿದ್ದೇ ಸರಿ. ಬೇಜಾರು ಮಾಡಿಕೊಳ್ಳಬೇಡಿ ಕಾಕಾ. ನಿಮ್ಮದು ಅಂಗೈ ಇಟ್ಟು ನೋಡುವ ಲೆಕ್ಕ, ಇದು ಎಂಟು ಸಾವಿರ ಚಿಲ್ಲರೆ ತಾಸಿನ ಲೆಕ್ಕ.

ಇನ್ನೂ ಏನೋ ಬರೆಯುವುದಿತ್ತು. ಮೆಸ್ಸಿನ ಗಂಟೆ ಹೊಡೆಯಿತು.

ನಿಮ್ಮ
ಸುಶ್ಮಿತಾ


ಶಹಾಬಾದ
30 ಮಾರ್ಚ್ 2025

ಸುಶೀ,

23ಕ್ಕ ಹೆಣ್ಣು ಕೂಸು ಹುಟ್ಟ್ಯಾದ, ಫೋನಿನ್ಯಾಗ ಕೇಳೀದಿ. ಕೇಳಲಾರದ್ದು ಬರೀತೀನಿ. ಅಮೀರ್‌ಬೀ ನೋಡಿ ‘ಮೂಗು ಪೂರಾ ಸುಶೀಂದೇ’ ಅಂದ್ಳು. ಪಾಪ, ಕೂಸು ಏನು ತಪ್ಪು ಮಾಡ್ಯಾದ!

ನಿನ್ನ ಹಾಳಿ ಮ್ಯಾಲಿನ ಖೋಲಿ ಗ್ವಾಡಿಗಿ ಅನ್ನ ಹಚ್ಚಿ ಅಂಟಿಸೀನಿ. ಚಂದಾಪುರದ ಬೀಗರು ಬಂದಾಗ ಬಟ್ಟಿಟ್ಟು ತೋರ್ಸಿದೆ. ‘ನಮ್ಮ ಹುಡುಗಿ ಮಾಡ್ಯಾಳ್ರಿ, ಈ ಖೋಲಿ ಇಪ್ಪತ್ನಾಕು ದಾಟಂಗಿಲ್ಲ’ ಅಂದೆ. ‘ಎಸಿ ಕೂಡ್ಸೀರೇನ್ರಿ?’ ಅಂತ ಕೇಳಿದ್ರು. ‘ಎಸಿ ಯಾಕ್ರಿ, ಪರಸಿ ಮನಿ, ಎಸಿ ಇದ್ದಂಗೇ ಅದ’ ಅಂದೆ. ಎಲ್ಲಾರೂ ನಕ್ರು. ನನಗ ಭಾಳ ಖುಷಿ ಆಯ್ತು.

ಆಯಿ ಮಾತ್ರ ಇನ್ನಾ ಗೊಣಗಲಿಕತ್ತಾಳ. ಖರೆ ಹೇಳ್ಬೇಕಂದ್ರ ನನ್ನ ಕೈನೂ ಬ್ಯಾರೆ ಹೇಳ್ತದ. ಮೊನ್ನಿ ಸಂಜಿ ಐದಕ್ಕ ಆ ಗ್ವಾಡಿ ಮ್ಯಾಲ ಅಂಗೈ ಇಟ್ರ ರೊಟ್ಟಿ ಹಂಚಿನ ಮ್ಯಾಲ ಇಟ್ಟಂಗಾಯ್ತು. ಹಾಳಿ ನೋಡಿದೆ, ಏಪ್ರಿಲ್ದಾಗೂ ಇಪ್ಪತ್ನಾಕೇ ಅದ. ಇಪ್ಪತ್ತೈದು ವರ್ಷ ಕಲ್ಲು ಹಿಡಿದು ಹಿಡಿದು ಕೈ ದಡ್ಡಾಗಿರಬೇಕು ಅಂತ ಸುಮ್ಮನಾದೆ. ಓದಿದ್ದು ನೀ, ನಾ ಅಲ್ಲ.

ಒಂದೇ ಒಂದು ಕೇಳ್ತೀನಿ. ಬಾಣಂತಿಗಿ ಗಾಳಿ ತಾಕಬಾರದಂತ ನಿಮ್ಮವ್ವ ಎರಡೂ ಕಿಟಕಿ ಮುಚ್ಚಿಸ್ಯಾಳ. ಮುಚ್ಚಿದ್ರೂ ಇಪ್ಪತ್ನಾಕೇ ಇರ್ತದೇನು? ಇದಷ್ಟು ಜಲ್ದಿ ಬರಿ.

ಸಾಬಣ್ಣ ಕಾಕಾ


ಹುಬ್ಬಳ್ಳಿ
19 ಏಪ್ರಿಲ್ 2025

ಕಾಕಾ,

ತಪ್ಪು ತಿಳಿಯಬೇಡಿ. ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಇಂಟರ್ನಲ್ಸ್ ಇದ್ದವು. ಇವತ್ತೂ ಲೈಬ್ರರಿಯಲ್ಲಿ ಕೂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ಕಿಟಕಿಯ ಬಗ್ಗೆ ಕೇಳಿದ್ದಿರಿ. ಅದು ಬೇರೆ ಬೇರೆ ವಿಷಯಗಳ ಮೇಲೆ ಡಿಪೆಂಡ್ ಆಗುತ್ತದೆ. ಆಯಿಗೆ ಅಷ್ಟು ಅಸಮಾಧಾನವಿದ್ದರೆ ಅಕ್ಕನನ್ನು ಕೆಳಗೇ ಮಲಗಿಸಬಹುದು. ವಿಶೇಷ ಕಾರಣವೇನಿಲ್ಲ. ಹಿರಿಯರ ಅನುಭವಕ್ಕೂ ಬೆಲೆಯಿದೆ. ಕೆಳಗಾದರೂ ಒಳ್ಳೆಯದೇ.

ಆ ಪ್ರಿಂಟನ್ನು ಇನ್ನೂ ಗೋಡೆಯ ಮೇಲೇ ಇಟ್ಟಿದ್ದೀರಾ? ತೆಗೆದರೂ ನಡೆಯುತ್ತದೆ.

ಕೂಸಿಗೆ ಮುತ್ತು.

ಸುಶ್ಮಿತಾ


ಶಹಾಬಾದ
4 ಮೇ 2025

ಸುಶೀ,

ಕೂಸು ಈಗ ಅರಾಮ ಅದ. ಇದನ್ನ ಮೊದಲೇ ಬರ್ದೀನಿ, ಅಂಜಬ್ಯಾಡ.

ಏಪ್ರಿಲ್ 26ಕ್ಕ ಮಧ್ಯಾಹ್ನ ಕೂಸಿನ ಮೈ ಕಾದು ಕೆಂಡ ಆಯ್ತು. ಹಾಲು ಬಿಡ್ತು. ಆಮ್ಯಾಲ ಅಳೂದೂ ಬಿಡ್ತು. ಕಲಬುರಗಿ ದವಾಖಾನಿಗಿ ಒಯ್ದೆವು, ನಾಕು ದಿನ ಸಲೈನ್ ಹಚ್ಚಿದ್ರು. ಅಷ್ಟು ಸಣ್ಣ ಕೈಯಾಗ ಸೂಜಿ. ಡಾಕ್ಟರಮ್ಮ ‘ಖೋಲಿ ಕಾದದ, ಝಳ ಹೊಡದದ’ ಅಂದ್ರು. ನಿನಗ ಫೋನಿನ್ಯಾಗ ‘ಜರಾ ಜ್ವರ’ ಅಂತ ಹೇಳ್ರಿ ಅಂದವ ನಾನೇ.

ನಿನ್ನ ಕಾಗದ 24ಕ್ಕೇ ಬಂದಿತ್ತು. ‘ಕೆಳಗಾದರೂ ಒಳ್ಳೆಯದೇ’ ಅಂತ ಬರದಿದ್ದಿ. ತನ್ನ ಮಾತು ಬಿದ್ದುಹೋಯ್ತಂತ ಕಾಕಾಗ ನೋವಾಗಬಾರದು ಅಂತ ಬರದಾಳ, ದೊಡ್ಡ ಮನಸಿನ ಹುಡುಗಿ ಅಂತ ತಿಳದೆ. ಹಾಳಿ ಮಾತೇ ನಡೀಲಿ ಅಂತ ಮ್ಯಾಲೇ ಬಿಟ್ಟೆ.

ತಪ್ಪು ನಂದು. ನೀ ಸರಿ ಬರದಿರ್ತಿ, ನಾನೇ ಯಾವ ಗೆರಿ ಯಾವುದಂತ ತಿಳೀಲಾರದೆ ಉಲ್ಟಾ ಓದೀನಿ. ಎಲ್ಲಾರಿಗೂ ಹಾಂಗೇ ಹೇಳೀನಿ. ಹುಡುಗಿ ತಪ್ಪು ಅಂತ ಯಾರೂ ಅಂದಿಲ್ಲ, ಅನ್ನೂದೂ ಇಲ್ಲ. ಬಾಣಂತಿ, ಕೂಸು ಇಬ್ಬರನ್ನೂ ಕೆಳಗಿನ ಖೋಲಿಗಿ ತಂದೀವಿ. ಹಾಳಿ ತಗದೀನಿ. ಅನ್ನ ಹಚ್ಚಿದ್ದಲ್ಲ, ಪೂರಾ ಬರಲಿಲ್ಲ, ಆ ನೀಲಿ ಗೆರಿ ಅಷ್ಟು ಗ್ವಾಡಿಗೇ ಉಳದದ.

ನೀ ಫಿಕರ್ ಮಾಡಬ್ಯಾಡ, ಪರೀಕ್ಷಿ ಚಂದ ಬರಿ. ಈ ಕಾಗದಕ್ಕ ಉತ್ರ ಬರೀಬ್ಯಾಡ.

ಸಾಬಣ್ಣ


ಹುಬ್ಬಳ್ಳಿ
10 ಮೇ 2025

ಕಾಕಾ,

ಉತ್ತರ ಬರೆಯಬೇಡ ಎಂದಿದ್ದೀರಿ. ಕ್ಷಮಿಸಿ, ಬರೆಯುತ್ತಿದ್ದೇನೆ.

ಗುರುವಾರ ನಿಮ್ಮ ಕಾಗದ ಬಂತು. ಅವತ್ತೇ ಸಂಜೆ ಐಶೂ ಅಕ್ಕ ಅಮೀರ್‌ಬೀಯ ಮನೆಗೆ ಹೋಗಿ ಅವಳ ಫೋನಿನಿಂದ ಮಾತಾಡಿದಳು. ನೀವು ಬರೆಯದೆ ಬಿಟ್ಟದ್ದನ್ನೆಲ್ಲ ಹೇಳಿದಳು. ಅಕ್ಕನ ಅತ್ತೆ ನಮ್ಮ ಅಂಗಳದಲ್ಲಿ ನಿಂತು, ‘ಕಲ್ಲು ಹಾಸವ್ಗ ಹಾಳಿ ಓದಾಕ ಕೊಟ್ಟವರು ಯಾರು?’ ಎಂದು ಓಣಿಗೆಲ್ಲ ಕೇಳುವಂತೆ ಅಂದರಂತೆ. ನೀವು ತಲೆ ಬಗ್ಗಿಸಿ ‘ನಂದೇ ತಪ್ಪರಿ ಅಕ್ಕಾರ’ ಎಂದಿರಂತೆ. ಆಯಿ ನಿಮ್ಮ ಜೊತೆ ಮಾತು ಬಿಟ್ಟಿದ್ದಾಳಂತೆ. ನೀವು ಚಿತ್ತಾಪುರದ ಕಲ್ಲು ಹಾಸುವ ಕೆಲಸಕ್ಕೂ ಹೋಗಿಲ್ಲವಂತೆ, ‘ನನ್ನ ಕೈ ಮ್ಯಾಲ ನನಗೇ ಭರೋಸ ಇಲ್ಲ’ ಎನ್ನುತ್ತೀರಂತೆ. ದವಾಖಾನೆಯಿಂದ ಬಂದ ಮೇಲೆ ಕೂಸನ್ನು ಒಮ್ಮೆಯೂ ಎತ್ತಿಕೊಂಡಿಲ್ಲವಂತೆ, ಹೊಸ್ತಿಲಲ್ಲೇ ನಿಂತು ನೋಡಿ ಹೋಗುತ್ತೀರಂತೆ.

ಕಾಕಾ, ನೀವು ಹಾಳೆಯನ್ನು ಸರಿಯಾಗಿಯೇ ಓದಿದಿರಿ. ಅದರಲ್ಲಿ ಇಪ್ಪತ್ನಾಲ್ಕು ಎಂದೇ ಇತ್ತು. ಬರೆದವಳು ನಾನು.

ಮೊದಲ ದಿನ ಸರ್ ‘ಯಾರ ಮನೆಯಲ್ಲಿ ಎಸಿ ಇದೆ?’ ಎಂದು ಕೇಳಿದರು. ಅರ್ಧ ಕ್ಲಾಸಿಗಿಂತ ಹೆಚ್ಚು ಕೈ ಮೇಲೆದ್ದವು. ನನ್ನ ಪಕ್ಕ ಕೂರುವ ಪ್ರಮಿತಾಳದೂ ಎದ್ದಿತು. ‘ನಮ್ಮನಿ ಎಸಿ ಇದ್ದಂಗೇ ಅದ’ ಎಂದು ನೀವು ಬಂದವರಿಗೆಲ್ಲ ಹೇಳುವ ಮಾತು ನೆನಪಾಯಿತು. ಅದನ್ನೇ ನೆಪ ಮಾಡಿಕೊಂಡು ನಾನೂ ಕೈ ಎತ್ತಿದೆ. ‘ಯಾವುದು, ಸ್ಪ್ಲಿಟ್ಟಾ?’ ಎಂದಳು ಪ್ರಮಿತಾ. ‘ಹ್ಞೂಂ, ಸ್ಪ್ಲಿಟ್’ ಎಂದೆ. ಸ್ಪ್ಲಿಟ್ ಎಂದರೆ ಸೀಳುವುದು. ನಮ್ಮ ಮನೆಯಲ್ಲಿ ಸೀಳಿ ತಂದದ್ದು ಪರಸಿ ಒಂದೇ.

ಎಸಿ ಇದೆ ಎಂದ ಮೇಲೆ ಥರ್ಮೋಸ್ಟಾಟಿಗೆ ಅಂಕಿ ಕೊಡಬೇಕು. ಇಪ್ಪತ್ನಾಲ್ಕು ಎಂದು ಒತ್ತಿದೆ. ನೀವು ಅನ್ನ ಹಚ್ಚಿ ಅಂಟಿಸಿದ ಗೆರೆ ಅದೇ. ಇಲ್ಲದ ಎಸಿಗೆ ನಾನು ಕೊಟ್ಟ ಹುಕುಂ ಅದು, ಖೋಲಿಯ ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಫೆಬ್ರುವರಿಯ ಪತ್ರದಲ್ಲಿ ಇದನ್ನು ಸರಿಯಾಗಿ ಬರೆದಿದ್ದೆ, ‘ನಾವು ಹೇಳುವ ಅಂಕಿ’ ಎಂದು. ಮಾರ್ಚಿನಲ್ಲಿ ಬೇಕೆಂದೇ ಬರೆಯಲಿಲ್ಲ.

ಇನ್ನು ಹವೆ. ನನಗೆ ಸಿಕ್ಕಿದ್ದು ಬೆಂಗಳೂರಿನ ಫೈಲ್ ಮಾತ್ರ ಎಂದು ಇಲ್ಲಿ ಬರೆದು ಹೊಡೆದು ಹಾಕಿದ್ದೇನೆ, ನಿಮಗೆ ಕಾಣುತ್ತಿರಬಹುದು. ಅದು ಸುಳ್ಳು. ನಮ್ಮೂರ ಪಕ್ಕದ ಕಲಬುರಗಿಯದೂ ಇತ್ತು. ಮೊದಲು ಅದನ್ನೇ ಹಾಕಿದೆ. ಕರೆಂಟಿನ ಪಟ್ಟಿ ಕೆಂಪಾಗಿ ಪರದೆಯ ತುದಿ ಮುಟ್ಟಿತು. ಹಿಂದಿನ ಬೆಂಚಿನಿಂದ ಯಾರೋ ‘ಇದು ಮನಿಯೇನಲೇ, ತಂದೂರೋ?’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಬೆಂಗಳೂರು ಆರಿಸಿದೆ, ಪಟ್ಟಿ ಗಿಡ್ಡವಾಯಿತು. ಆ ಗಿಡ್ಡ ಪಟ್ಟಿಗೇ ಹದಿನೆಂಟು ಮಾರ್ಕ್ಸ್.

ಅಂದರೆ ಕೆಂಪನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ನಿಮಗೆ ‘ತೊಂದರೆಯಿಲ್ಲ’ ಎಂದು ಬರೆದೆ. ನಡುವೆ ಎರಡು ಸಲ ಫೋನ್ ಮಾಡಿದೆ. ಕಿಟಕಿಯ ಹತ್ತಿರ ಎಲ್ಲರೂ ಇದ್ದೀರಿ ಎಂದು ಗೊತ್ತಾಗಿ ‘ಉಂಡೆ’ ಎಂದು ಹೇಳಿ ಇಟ್ಟೆ. ಏಪ್ರಿಲ್‌ನಲ್ಲಿ ‘ವಿಶೇಷ ಕಾರಣವೇನಿಲ್ಲ’ ಎಂದು ಬರೆದೆ. ಕಾರಣ ಗೊತ್ತಿತ್ತು. ಅದನ್ನು ನೀವು ದೊಡ್ಡ ಮನಸ್ಸು ಎಂದುಕೊಂಡಿರಿ. ಆ ಸಾಲು ಓದಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಇದನ್ನು ಕನಿಕರಕ್ಕೆ ಬರೆಯುತ್ತಿಲ್ಲ. ಬರೆದೆ, ಅಷ್ಟೆ.

ನಿನ್ನೆ ಗುರುರಾಜ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ‘ಸೆಟ್ ಮಾಡಿದ್ದನ್ನ ಆಗಿದ್ದು ಅಂತ ಯಾರಿಗಾದ್ರೂ ಹೇಳಿದಿಯೇನಮ್ಮಾ?’ ಎಂದು ಮಾತ್ರ ಕೇಳಿದರು. ‘ಮನೆಗೆ ಹೇಳಿದೆ ಸರ್’ ಎಂದೆ. ಅವರು ಪಕ್ಕದ ಕುರ್ಚಿ ಎಳೆದು ಕೊಟ್ಟರು. ಆಮೇಲೆ ‘ಕೂತು ಮತ್ತೆ ಮಾಡು’ ಎಂದರು.

ಮತ್ತೆ ಮಾಡಿದೆ. ಕಲಬುರಗಿಯ ಹವೆ, ಎಸಿ ಇಲ್ಲ, ಥರ್ಮೋಸ್ಟಾಟ್ ಇಲ್ಲ, ಪಡುವಣದ ಎರಡೂ ಕಿಟಕಿ ಬಂದ್. ಏಪ್ರಿಲ್ ಕೊನೆಯ ವಾರ, ಸಂಜೆ ಐದಕ್ಕೆ ಮೇಲಿನ ಖೋಲಿ ನಲವತ್ತೊಂದು. ಕೆಳಗಿನದು ಮೂವತ್ತಾರು. ಆಯಿ ಕಿಟಕಿ ಮುಚ್ಚುವ ಹನ್ನೊಂದು ಗಂಟೆ, ತೆಗೆಯುವ ಐದು ಗಂಟೆ, ಎರಡನ್ನೂ ಕಾಲಂ ಮಾಡಿ ಬರೆದೆ. ಕೆಳಗಿನದು ಇನ್ನೂ ಎರಡು ಡಿಗ್ರಿ ಇಳಿಯಿತು. ಸರ್ ‘ಈ ಕಾಲಂ ಏನು?’ ಎಂದರು. ‘ನಮ್ಮ ಆಯಿ ಸರ್’ ಎಂದೆ. ಕಂಪ್ಯೂಟರ್ ನಿನ್ನೆ ಹೇಳಿದ್ದನ್ನು ನಿಮ್ಮ ಅಂಗೈ ಮಾರ್ಚಿನಲ್ಲೇ ಹೇಳಿತ್ತು. ಆ ಅಂಗೈಯನ್ನು ದಡ್ಡು ಮಾಡಿದವಳು ನಾನು.

ಈ ಹೊಸ ಲೆಕ್ಕವೂ ಪೂರಾ ಖರೆ ಅಲ್ಲವಂತೆ. ಹವೆಯ ಫೈಲನ್ನು ಹಿಂದಿನ ವರ್ಷಗಳಿಂದ ಆರಿಸಿ ಕಟ್ಟಿರುತ್ತಾರೆ, ಈ ಸಲದ ಬಿಸಿಲು ಅದರಲ್ಲಿಲ್ಲ. ಅದಕ್ಕೇ ಸರ್ ಒಂದು ಥರ್ಮಾಮೀಟರ್ ಕೊಟ್ಟಿದ್ದಾರೆ, ಬೇರೆ ಪಾರ್ಸಲ್ ಮಾಡಿದ್ದೇನೆ. ದಿನಾ ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ, ಎರಡೂ ಖೋಲಿಯಲ್ಲಿ ನೋಡಬೇಕು. ಆದರೆ ಅದನ್ನು ನೋಡುವ ಮೊದಲು ಗೋಡೆಗೆ ಅಂಗೈ ಇಡಿ, ನಿಮಗೆ ಎಷ್ಟು ಅನಿಸುತ್ತದೋ ಆ ಅಂಕಿ ಬರೆಯಿರಿ. ಆಮೇಲೆ ಥರ್ಮಾಮೀಟರ್ ನೋಡಿ. ಎರಡು ಅಂಕಿಯೂ ನನಗೆ ಬೇಕು.

ಹದಿನೆಂಟನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಂದಾಪುರದವರು ಕೂಸನ್ನು ನೋಡಲು ಬರುತ್ತಾರೆ ಎಂದು ಅಕ್ಕ ಹೇಳಿದಳು. ಅದೇ ಹೊತ್ತಿಗೆ ಫೋನ್ ಮಾಡುತ್ತೇನೆ. ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಡಿ. ಆಯಿ, ಅವ್ವ, ಬೀಗರು ಎಲ್ಲ ಇರಲಿ. ಓಣಿಯಲ್ಲಿ ಅಮೀರ್‌ಬೀ ನಿಂತರೆ ನಿಲ್ಲಲಿ. ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ತಂದೂರಿನವರೆಗೂ. ನೀವು ನಡುವೆ ಬಂದು ‘ನಂದೇ ತಪ್ಪು’ ಎನ್ನಬೇಡಿ. ನೀವು ಹಾಗೆ ಅಂದರೆ ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ.

ಅಲ್ಲಿಯವರೆಗೆ ಕಾಯಬೇಡಿ. ಒಳಗೆ ಹೋಗಿ ಕೂಸನ್ನು ಎತ್ತಿಕೊಳ್ಳಿ. ಎತ್ತಿಕೊಂಡಿರೋ ಇಲ್ಲವೋ, ಅಷ್ಟನ್ನಾದರೂ ಬರೆಯಿರಿ. ಬೇಗ ಉತ್ತರ ಹಾಕಿ.

ಸುಶ್ಮಿತಾ